ಎಲುಬಿನ ಋಣ

ನಮ್ಮ ಜನರ ಬಾಯಲ್ಲಿ ಎಲುಬಿನ ಮಾತು ಬಂದಿತೆಂದರೆ ಅದು ಬಹುಮಟ್ಟಿಗೆ ಒಳ್ಳೆಯ ಮಾತಾಗಿರುವುದಿಲ್ಲ. ಬಡಕಲಾದವನನ್ನು ಕಂಡರೆ 'ಮೂಳೆ ಚಕ್ಕಳವಾಗಿದ್ದಾನೆ' ಎನ್ನುತ್ತೇವೆ. ಹುಡುಗರನ್ನು ಹೆದರಿಸಬೇಕಾದರೆ 'ಮೂಳೆ ಮುರಿದೇನು' ಎನ್ನುತ್ತೇವೆ. ಆಡಿದ ಮಾತಿಗೆ ನಿಲ್ಲದವನನ್ನು ಕುರಿತು 'ಎಲುಬಿಲ್ಲದ ನಾಲಿಗೆ' ಎಂದು ಹಳಿಯುತ್ತೇವೆ. ಜೀವವಿರುವವರೆಗೆ ಹೀಗೆ ಬೈಗುಳಕ್ಕೆ ಮಾತ್ರ ಒದಗುತ್ತಿದ್ದ ಈ ಪದಾರ್ಥಕ್ಕೆ ಮರ್ಯಾದೆ ದೊರೆಯುವುದು ಜೀವ ಹೋದ ಮೇಲೆಯೇ. ಆಗ ಅದನ್ನು 'ಅಸ್ಥಿ' ಎಂದು ಗೌರವದಿಂದ ಕರೆದು, ಆರಿಸಿ, ಹಾಲೆರೆದು, ಕುಡಿಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯವರೆಗೆ ಕೊಂಡೊಯ್ದು ಕಾವೇರಿಗೆ ಒಪ್ಪಿಸುತ್ತೇವೆ.

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ ವಾಸಿಸುವ ನಮಗೆ ಈ ಕಡೆಯ ಮರ್ಯಾದೆಯ ನೋಟ ಹೊಸದಲ್ಲ. ಹೊಸೂರು ರಸ್ತೆಯ ವಿದ್ಯುತ್ ಚಿತಾಗಾರವು ನಮ್ಮ ಬಡಾವಣೆಯದೇ ಆದುದರಿಂದ, ಬಟ್ಟೆ ಕಟ್ಟಿದ ಕುಡಿಕೆಯನ್ನು ಎದೆಗೆ ಅವುಚಿಕೊಂಡು ಹೋಗುವವರನ್ನು ಆಗಾಗ ಕಾಣುತ್ತೇವೆ. ಅದನ್ನು ಕಂಡ ಮನಸ್ಸಿನಲ್ಲಿ ಒಂದು ನಂಬಿಕೆ ತಾನಾಗಿ ಬೇರೂರುವುದು. ಮಾಂಸ, ರಕ್ತ, ನರಗಳೆಲ್ಲ ಜೀವವುಳ್ಳವು, ಎಲುಬು ಮಾತ್ರ ಕಲ್ಲಿನ ಜಾತಿ. ಮನೆಗೆ ಕಂಬವಿದ್ದ ಹಾಗೆ ಅದು ದೇಹವನ್ನು ಸುಮ್ಮನೆ ಹೊತ್ತು ನಿಂತಿರುವುದು. ಹಳೆಯ ಕಂಬದ ಮೇಲೆ ಭಾರ ಹೇರಬಾರದು, ಅದನ್ನು ಅಲುಗಿಸಬಾರದು ಎಂಬುದೇ ಆ ನಂಬಿಕೆ. ಇದು ನಿಜವಲ್ಲವೆಂಬುದನ್ನೂ, ಇದರಿಂದ ನಮ್ಮ ಮನೆಗಳ ವೃದ್ಧರಿಗೆ ಕೇಡುಂಟೆಂಬುದನ್ನೂ ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಚಿತೆಯಲ್ಲಿ ಉಳಿಯುವುದು ಎಲುಬಿನ ಒಂದು ಪಾಲು ಮಾತ್ರವೇ. ಎಲುಬು ಎರಡು ವಸ್ತುಗಳ ಕೂಡಿಕೆ. ಒಂದು ಸುಣ್ಣ ಮತ್ತು ರಂಜಕಗಳಿಂದಾದ ಖನಿಜ. ಇನ್ನೊಂದು ಅಂಟಿನಂತಹ ನಾರು. ಬೆಂಕಿಯು ನಾರನ್ನು ಸುಟ್ಟು ಖನಿಜವನ್ನು ಬಿಡುವುದು. ಆದುದರಿಂದಲೇ ಸಂಚಯನದಲ್ಲಿ ದೊರೆಯುವ ತುಂಡು ಬೆಳ್ಳಗಿದ್ದರೂ ಬೆರಳಿನಿಂದ ಒತ್ತಿದರೆ ಪುಡಿಯಾಗುವುದು. ಇದಕ್ಕೆ ವಿರುದ್ಧವಾದ ಪರೀಕ್ಷೆಯನ್ನು ಮಾಂಸಾಹಾರವುಳ್ಳ ಮನೆಗಳಲ್ಲಿ ಮಕ್ಕಳೇ ಮಾಡಿ ನೋಡಬಹುದು. ಕೋಳಿಯ ಕಾಲಿನ ಎಲುಬೊಂದನ್ನು ತೊಳೆದು ಕೆಲವು ದಿನ ವಿನಿಗರ್‌ನಲ್ಲಿ ನೆನೆಯಿಸಿದರೆ, ಹುಳಿಯು ಖನಿಜವನ್ನು ಕರಗಿಸಿ ನಾರನ್ನು ಉಳಿಸುವುದು. ಎಲುಬು ರಬ್ಬರಿನಂತೆ ಬಾಗುವುದು. ಹಿಂದಿನವರು ಗೋಡೆಯ ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುತ್ತಿದ್ದರಷ್ಟೆ. ಮಣ್ಣೊಂದೇ ಇದ್ದರೆ ಗೋಡೆ ಬಿರಿಯುವುದು, ಹುಲ್ಲೊಂದೇ ಇದ್ದರೆ ನಿಲ್ಲದು. ಎಲುಬಿನ ಕಟ್ಟಡವೂ ಇಂತಹುದೇ.

ಎಣಿಕೆಯ ಮಾತನ್ನೂ ಸ್ವಲ್ಪ ಹೇಳಬೇಕು. ಚರಕನು ಮನುಷ್ಯದೇಹದಲ್ಲಿ ೩೬೦ ಎಲುಬುಗಳೆಂದೂ, ಸುಶ್ರುತನು ೩೦೦ ಎಂದೂ ಎಣಿಸಿದರು. ಹಲ್ಲು, ಮೃದ್ವಸ್ಥಿ ಮೊದಲಾದವುಗಳನ್ನೂ ಸೇರಿಸಿದುದರಿಂದ ಅವರ ಲೆಕ್ಕ ಹೆಚ್ಚಾಯಿತು. ಇಂದಿನ ಶರೀರಶಾಸ್ತ್ರದ ಪ್ರಕಾರ ಬೆಳೆದವರಲ್ಲಿ ೨೦೬. ಹುಟ್ಟಿದ ಕೂಸಿನಲ್ಲಿ ಸುಮಾರು ೨೭೦ ತುಂಡುಗಳಿದ್ದು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಳ್ಳುವುವು. ಅಜ್ಜಿಯಂದಿರು ಕೂಸಿನ ನೆತ್ತಿಗೆ ಎಣ್ಣೆಯಿಡುವಾಗ ಕೈಗೆ ಮೆತ್ತಗೆ ತಾಕುವ ಜಾಗ ಇನ್ನೂ ಬೆಸೆಯದ ಎಲುಬುಗಳ ನಡುವಣ ಸಂದೇ ಆಗಿರುವುದು. ೨೦೬ರಲ್ಲಿ ೧೦೬ ಎಲುಬುಗಳು ಎರಡು ಕೈ, ಎರಡು ಪಾದಗಳಲ್ಲಿಯೇ ಇವೆ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸೃಷ್ಟಿಯು ಹಿಡಿಯುವುದಕ್ಕೂ ನಡೆಯುವುದಕ್ಕೂ ಮೀಸಲಿಟ್ಟಿತೆಂದರೆ, ಈ ದೇಹವು ಕುಳಿತಿರುವುದಕ್ಕಾಗಿ ಆದುದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಎಲುಬುಗಳು ಕೂಡುವ ಸಂದಿಗೆ ನಮ್ಮ ಭಾಷೆಯಲ್ಲಿ 'ಕೀಲು' ಎಂಬ ಹೆಸರಿರುವುದು. ಗಾಡಿಯ ಗಾಲಿ ಕಳಚದಂತೆ ಇಡುವ ಕಡಾಣಿಗೂ ಯಂತ್ರದ ಒಳಗುಟ್ಟಿಗೂ ಇದೇ ಮಾತು ಸಲ್ಲುವುದು. ಮೊಣಕೈ ಮೊಣಕಾಲುಗಳ ಕೀಲು ಬಾಗಿಲಿನ ತಿರುಗಣಿಯಂತೆ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಆಡುವುದು. ಹೆಗಲು ಸೊಂಟಗಳದು ಬಟ್ಟಲಿನಲ್ಲಿ ಇಟ್ಟ ಗುಂಡಿನಂತೆ ಎಲ್ಲ ಕಡೆಗೂ ತಿರುಗುವುದು. ಎಲುಬಿನ ತುದಿಗೆ ಹೊದಿಸಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಅದಕ್ಕೆ ಆಹಾರ ಬರುವುದು ಕೀಲಿನೊಳಗಿನ ಜಿಡ್ಡುನೀರಿನಿಂದ. ಕಾಲೂರಿದಾಗ ಹಿಂಡಿ, ಎತ್ತಿದಾಗ ಮತ್ತೆ ಹೀರಿಕೊಂಡು ಅದು ತನ್ನ ಹೊಟ್ಟೆ ತುಂಬಿಕೊಳ್ಳುವುದು. ಆಡದ ಕೀಲು ಉಪವಾಸದ ಕೀಲೆಂದೇ ತಿಳಿಯಬೇಕು.

ಇನ್ನು ಎಲುಬಿನ ಜೀವದ ವಿಷಯ. ಎಲುಬಿನಲ್ಲಿ ಕೆಡಹುವ ಕಣಗಳೂ ಕಟ್ಟುವ ಕಣಗಳೂ ಎಡೆಬಿಡದೆ ದುಡಿಯುತ್ತಿರುವುವು. ಹಳತಾದುದನ್ನು ಒಂದು ತಂಡ ತೋಡಿ ತೆಗೆಯುವುದು, ಇನ್ನೊಂದು ತಂಡ ಅಲ್ಲಿ ಹೊಸತನ್ನು ತುಂಬುವುದು. ಬೆಳೆದವರ ಎಲುಬಿನಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೀಗೆ ಬದಲಾಗುವುದೆಂದು ಹೇಳುತ್ತಾರೆ. ಅಲ್ಲದೆ ದೇಹದ ಸುಣ್ಣದ ಅಂಶದಲ್ಲಿ ನೂರಕ್ಕೆ ೯೯ ಪಾಲು ಎಲುಬು ಹಲ್ಲುಗಳಲ್ಲಿಯೇ ಕೂಡಿಟ್ಟಿರುವುದು. ಉಳಿದ ಒಂದು ಪಾಲಿನಿಂದ ಹೃದಯದ ಬಡಿತವೂ ಸ್ನಾಯುಗಳ ಚಲನೆಯೂ ನಡೆಯಬೇಕು. ಊಟದಿಂದ ಅದು ಬಾರದಿದ್ದರೆ ರಕ್ತವು ಎಲುಬಿನ ಕಣಜದ ಬಾಯಿ ತೆರೆದು ತೆಗೆದುಕೊಳ್ಳುವುದು. ಆ ಸಾಲವನ್ನು ಎಲುಬು ಮಾತಿಲ್ಲದೆ ಕೊಡುವುದು. ಸುಮಾರು ಮೂವತ್ತು ವರ್ಷದವರೆಗೆ ಕಣಜ ತುಂಬುತ್ತ ಬರುವುದು. ಆಮೇಲೆ ತೆಗೆಯುವುದೇ ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಸೋರಿಕೆ ಬಹಳ ತೀವ್ರವಾಗುವುದು.

ಈ ಕಟ್ಟುವಿಕೆ ಎಲ್ಲಿ ನಡೆಯಬೇಕೆಂಬುದನ್ನು ನಿರ್ಣಯಿಸುವುದು ಯಾವುದು? ಭಾರ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುವುದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಟೆನಿಸ್ ಆಟಗಾರರಲ್ಲಿ ಬ್ಯಾಟು ಹಿಡಿಯುವ ತೋಳಿನ ಎಲುಬು ಇನ್ನೊಂದಕ್ಕಿಂತ ದಪ್ಪವಾಗಿರುವುದು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಯಾತ್ರಿಗಳಿಗಾದರೋ, ಸೊಂಟ ತೊಡೆಗಳ ಎಲುಬಿನಲ್ಲಿ ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಅಥವಾ ಅದಕ್ಕಿಂತಲೂ ಹೆಚ್ಚು ಸವೆದುಹೋಗುವುದು. ಅವರು ಅಲ್ಲಿ ದಿನವೂ ಗಂಟೆಗಟ್ಟಲೆ ವ್ಯಾಯಾಮ ಮಾಡುವುದು ಇದಕ್ಕಾಗಿಯೇ. ಮಂಚ ಹಿಡಿದ ವೃದ್ಧರ ಎಲುಬಿನ ಗತಿಯೂ ಈ ಯಾತ್ರಿಗಳದಕ್ಕಿಂತ ಬಹಳ ಬೇರೆಯಲ್ಲ. ಮರದ ಕಂಬ ಭಾರದಿಂದ ಸವೆಯುವುದು. ಎಲುಬೆಂಬ ಕಂಬ ಭಾರವಿಲ್ಲದೆ ಸವೆಯುವುದು.

ಇದನ್ನೆಲ್ಲ ನಾವು ಪುಸ್ತಕದ ಮಾತಾಗಿ ಓದಿ ಮರೆಯಬಹುದಾಗಿತ್ತು. ಆದರೆ ೨೦೨೪ನೆಯ ಇಸವಿಯ ಆಷಾಢಮಾಸದಲ್ಲಿ, ನಮ್ಮೊಡನೆಯೇ ಇರುವ ನಮ್ಮ ಸೋದರತ್ತೆಯವರು ಬಚ್ಚಲುಮನೆಯ ಹೊಸಿಲಿನಲ್ಲಿ ಬಿದ್ದರು. ಅವರಿಗೆ ಆಗ ಎಪ್ಪತ್ತನಾಲ್ಕು ವರ್ಷ. ಬಿದ್ದ ಎತ್ತರ ಒಂದು ಗೇಣೂ ಇರಲಿಲ್ಲ. ಮೇಲೆಬ್ಬಿಸಹೋದರೆ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿಯೂ, ಪಾದವು ಹೊರಕ್ಕೆ ಹೊರಳಿಯೂ ಕಂಡಿತು. ವೃದ್ಧರು ಬಿದ್ದಾಗ ಈ ಎರಡು ಗುರುತುಗಳು ಕಂಡರೆ, ಅವರನ್ನು ನಿಲ್ಲಿಸಿ ನೋಡುವ ಪ್ರಯತ್ನವನ್ನು ಮಾಡದೆ, ಮಲಗಿದ್ದಂತೆಯೇ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಗೃಹಿಣಿಯರು ನೆನಪಿಡಬೇಕು. ನಾವು 'ಸೊಂಟ ಮುರಿಯಿತು' ಎನ್ನುವ ಆಘಾತದಲ್ಲಿ ಮುರಿದಿರುವುದು ಸಾಮಾನ್ಯವಾಗಿ ಸೊಂಟವಲ್ಲ. ತೊಡೆಯೆಲುಬಿನ ಮೇಲ್ತುದಿ, ಅಂದರೆ ಬಟ್ಟಲಿನಲ್ಲಿ ಕೂತ ಗುಂಡಿನ ಕೆಳಗಣ ಕುತ್ತಿಗೆ.

ಆ ಸಂಜೆ ನಮ್ಮ ಮನೆಯಲ್ಲಿ ಸೇರಿದವರೆಲ್ಲರೂ ಒಂದೊಂದು ದಾರಿ ಹೇಳಿದರು. ನೆರೆಯವರೊಬ್ಬರು ಪುತ್ತೂರು ಕಟ್ಟನ್ನು ಹಾಕಿಸಿರೆಂದರು. ಇದು ನಮ್ಮ ದಕ್ಷಿಣಕನ್ನಡದ ಪುತ್ತೂರಲ್ಲ. ಆಂಧ್ರದಲ್ಲಿ ತಿರುಪತಿಗೆ ಸಮೀಪವಿರುವ ಪುತ್ತೂರು. ಅಲ್ಲಿಯ ಕಟ್ಟಿನ ಹೆಸರು ಹೊತ್ತ ಫಲಕಗಳು ಬೆಂಗಳೂರಿನಲ್ಲಿಯೂ ಕಾಣಸಿಗುವುವು. ನಾಟಿ ವೈದ್ಯರ ಈ ವಿದ್ಯೆಯನ್ನು ತುಚ್ಛವಾಗಿ ಕಾಣುವುದು ನಮಗೆ ಒಪ್ಪಿಗೆಯಿಲ್ಲ. ಮುರಿದುದನ್ನು ಎಳೆದು ಕೂಡಿಸಿ, ಅತ್ತಿ ಅಶ್ವತ್ಥಗಳ ತೊಗಟೆ, ಬಿದಿರು ಮೊದಲಾದವುಗಳ ದಬ್ಬೆಯನ್ನಿಟ್ಟು ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯೇ ಹೇಳಿರುವುದು. ಮುರಿದ ಎಲುಬು ಅಲುಗದಂತಿದ್ದರೆ ತಾನೇ ಕೂಡಿಕೊಳ್ಳುವುದೆಂಬ ಅದರ ತತ್ತ್ವವೂ ದಿಟವಾದುದೇ. ಆದರೆ ತೊಡೆಯೆಲುಬಿನ ಕುತ್ತಿಗೆ ಮಾಂಸದ ಆಳದಲ್ಲಿರುವುದು. ಹೊರಗಿನ ದಬ್ಬೆಯ ಹಿಡಿತ ಅಲ್ಲಿಗೆ ಮುಟ್ಟದು. ಇನ್ನೊಂದು ಎಚ್ಚರಿಕೆ: ಮಕ್ಕಳ ಕೈ ಮುರಿದಾಗ ಕಟ್ಟು ಬಿಗಿಯಾಗಿ ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ, ನೋವು ಹೆಚ್ಚುತ್ತ ಹೋದರೆ, ಕೂಡಲೆ ಅದನ್ನು ಬಿಚ್ಚಿಸತಕ್ಕದ್ದು. ರಕ್ತದ ಓಟ ನಿಂತು ಕೈಯನ್ನೇ ಕಳೆದುಕೊಂಡ ಪ್ರಸಂಗಗಳುಂಟು.

ಶಸ್ತ್ರವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ನಮಗೆ ತಿಳಿಯುವಂತೆ ಹೇಳಿದರು. ತೊಡೆಯೆಲುಬಿನ ಗುಂಡಿಗೆ ರಕ್ತವು ಬಹುಮಟ್ಟಿಗೆ ಆ ಕುತ್ತಿಗೆಯ ಮೈಹತ್ತಿಕೊಂಡೇ ಏರಬೇಕು; ಕುತ್ತಿಗೆ ಮುರಿದು ಸರಿದರೆ ನಾಳಗಳೂ ಹರಿಯುವುವು; ಬುಡ ಕಡಿದ ಬಳ್ಳಿಯ ಕಾಯಿಯಂತೆ ಗುಂಡು ಒಣಗುವುದು. ಆದುದರಿಂದ ಅದನ್ನು ತೆಗೆದು ಲೋಹದ ಗುಂಡನ್ನು ಇಡಬೇಕು. ತಡಮಾಡದೆ ಒಂದೆರಡು ದಿನಗಳಲ್ಲಿಯೇ ಇಡಬೇಕು. ಮಲಗಿಯೇ ಇದ್ದರೆ ಎಲುಬಿಗಿಂತ ಮೊದಲು ಬೇರೆ ಶತ್ರುಗಳು ಬರುವರು: ಬೆನ್ನಿನ ಹುಣ್ಣು, ಎದೆಯ ಕಫ, ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ. ಅನೇಕ ದೇಶಗಳ ಎಣಿಕೆಗಳಲ್ಲಿ, ಹೀಗೆ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐವರಿಗೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುವರೆಂದಿರುವುದು.

ಈ ಮಾತನ್ನು ಕೇಳಿ ನಮ್ಮ ಬಂಧುಗಳು ಇನ್ನಷ್ಟು ಹೆದರಿದರು. 'ಈ ವಯಸ್ಸಿನಲ್ಲಿ ಕೊಯ್ಯಿಸುವುದೇ? ಹಾಸಿಗೆಯಲ್ಲಿಯೇ ಚೆನ್ನಾಗಿ ನೋಡಿಕೊಂಡರಾಯಿತು' ಎಂದು ಒಬ್ಬರು ಕಣ್ಣೊರಸಿಕೊಂಡರು. ಅತ್ತೆಯವರು ಅದುವರೆಗೆ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದರು. ಅವರು ಹೊರಳಿ ನಮ್ಮನ್ನು ಕುರಿತು, "ನೋಡಪ್ಪ, ನೀವೆಲ್ಲ ನನ್ನನ್ನು ಉಳಿಸಿಕೊಳ್ಳುವ ಮಾತಾಡುತ್ತಿದ್ದೀರಿ. ಬಚ್ಚಲಿಗೆ ಇನ್ನೊಬ್ಬರು ಎತ್ತಿಕೊಂಡು ಹೋಗುವುದಾದರೆ ನಾನು ಉಳಿದ ಹಾಗೆ ಆಯಿತೇನು? ಡಾಕ್ಟರು ನಡೆಸುತ್ತೇನೆಂದರೆ ಕೊಯ್ಯಲಿ" ಎಂದರು. ಮೂವತ್ತು ವರ್ಷಗಳ ವೈಧವ್ಯದಲ್ಲಿ ಯಾರಿಂದಲೂ ಒಂದು ಲೋಟ ನೀರನ್ನು ಕೈಯೊಡ್ಡಿ ಪಡೆಯದವರು ಅವರು. ಮೂರನೆಯ ದಿನ ಶಸ್ತ್ರಕ್ರಿಯೆಯಾಯಿತು. ನಾಲ್ಕನೆಯ ದಿನ, ಇಬ್ಬರು ಹಿಡಿದುಕೊಂಡಿರಲು, ಆ ಕಾಲಿನ ಮೇಲೆಯೇ ಭಾರವಿಟ್ಟು ಅವರು ನಿಂತರು. ಮುಖವೆಲ್ಲ ಬೆವರಿತ್ತು. ನಾವು ನೋಡಲಾರದೆ ಕಿಟಕಿಯ ಕಡೆಗೆ ತಿರುಗಿದೆವು.

ಮನೆಗೆ ಬಂದ ಮೇಲೆ ನಿಜವಾದ ತೊಡಕು ಮೊದಲಾಯಿತು. ನಮ್ಮದು ಮಹಡಿಯ ಮನೆ, ಹದಿನೆಂಟು ಮೆಟ್ಟಿಲು. ಮನೆಯವರಲ್ಲಿ ಎರಡು ಪಕ್ಷಗಳಾದವು. ಪ್ರೀತಿಯ ಪಕ್ಷವು ಅತ್ತೆಯವರ ಕೈಗೆ ಎಲ್ಲವನ್ನೂ ಕೂತಲ್ಲಿಗೇ ತಂದುಕೊಡುವುದು, ಕಾಫಿಯ ಲೋಟವನ್ನು ಎತ್ತಿಡಗೊಡದಿರುವುದು, 'ಸುಮ್ಮನೆ ಕೂತಿರಿ ಅತ್ತೆ, ನಿಮಗೇಕೆ ಶ್ರಮ' ಎನ್ನುವುದು. ಇನ್ನೊಂದು ಪಕ್ಷದಲ್ಲಿದ್ದವರು ಅತ್ತೆಯವರೊಬ್ಬರೇ. ಅವರು ನಾಲ್ಕು ಕಾಲಿನ ಊರೆಯನ್ನು ತಳ್ಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬರುವರು; ನಿಂತೇ ಸೊಪ್ಪು ಸೋಸುವರು; ವ್ಯಾಯಾಮ ಕಲಿಸಲು ಬರುತ್ತಿದ್ದ ಹುಡುಗಿ ಹತ್ತು ಬಾರಿ ಎಂದರೆ ಹನ್ನೆರಡು ಬಾರಿ ಕುರ್ಚಿಯಿಂದ ಎದ್ದು ಕೂಡುವರು. ಕೊನೆಗೆ ವೈದ್ಯರನ್ನೇ ಕೇಳಿದಾಗ ಅವರು ಯಾವ ಪಕ್ಷಕ್ಕೆ ತೀರ್ಪು ಕೊಟ್ಟರೆಂದು ವಾಚಕರು ಊಹಿಸಬಹುದು. ಕಾಲೂರಿದ ಹೊರತು ಎಲುಬು ತುಂಬದು, ಕೀಲು ಉಣ್ಣದು, ಮಾಂಸಖಂಡ ನಿಲ್ಲದು. ಮಾಂಸಖಂಡ ಸೋತರೆ ಮತ್ತೆ ಬೀಳುವುದು ನಿಶ್ಚಯ. ಮೂರು ತಿಂಗಳಾಗುವಷ್ಟರಲ್ಲಿ ಅತ್ತೆಯವರು ಗೋಡೆಯ ಹಿಡಿಯನ್ನು ಆಧರಿಸಿ ಆ ಹದಿನೆಂಟು ಮೆಟ್ಟಿಲುಗಳನ್ನು ಇಳಿದರು. ಈಗ ಕೈಗೋಲಿನೊಡನೆ ಲಾಲ್‌ಬಾಗಿನವರೆಗೆ ಹೋಗಿ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆನ್ನುವ ಅಲ್ಲಿಯ ಹೆಬ್ಬಂಡೆಯನ್ನು ಕೆಳಗಿನಿಂದಲೇ ನೋಡಿ ಬರುವರು. ಬಂಡೆಗಿಂತಲೂ ಕಷ್ಟವಾದುದು ಅಲ್ಲಿಗೆ ಹೋಗುವ ಹಾದಿ. ನಮ್ಮ ಕಾಲುದಾರಿಯ ಚಪ್ಪಡಿಗಳು ಎಲ್ಲಿ ಬಾಯ್ದೆರೆದಿವೆ, ಎಲ್ಲಿ ಅಲುಗುವುವು ಎಂಬುದು ಅವರಿಗೆ ಕಂಠಪಾಠವಾಗಿದೆ.

ಮುರಿದ ಮೇಲಣ ಮಾತಿಗಿಂತ ಮುರಿಯದಂತೆ ಮಾಡುವ ಮಾತು ಮೇಲು. ಮೊದಲನೆಯದು ಆಹಾರ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ೨೦೨೦ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ ಬೆಳೆದವರಿಗೆ ದಿನಕ್ಕೆ ೧೦೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಹೆಂಗಸರಿಗೆ ೧೨೦೦. ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿಗೂ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦. ಪಟ್ಟಣಕ್ಕೆ ಬಂದು ಅನ್ನಕ್ಕೆ ಒಗ್ಗಿ ರಾಗಿಮುದ್ದೆಯನ್ನು ಕೀಳಾಗಿ ಕಂಡ ಮನೆಗಳು ಎಷ್ಟು ದೊಡ್ಡ ಕಣಜವನ್ನು ಹೊರಗೆ ಹಾಕಿದವೆಂಬುದನ್ನು ಈ ಎರಡು ಅಂಕಿಗಳೇ ಹೇಳುವುವು. ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ ಅದರ ಸತ್ತ್ವ ಮೈಗೆ ಇನ್ನೂ ಚೆನ್ನಾಗಿ ಹತ್ತುವುದು. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇವೂ ಬೇಕು. ತಿಂದುದು ರಕ್ತಕ್ಕೆ ಸೇರಲು ಬಿಸಿಲಿನಿಂದಾಗುವ ಡಿ ಜೀವಸತ್ತ್ವ ಬೇಕು. ಎಳೆಬಿಸಿಲು ಹಿತವಾದರೂ ಅದಕ್ಕೆ ಸಾಲದು; ಹತ್ತು ಗಂಟೆಯ ಮೇಲಣ ಬಿಸಿಲು ಸ್ವಲ್ಪ ಹೊತ್ತು ತೋಳು ಕಾಲುಗಳ ಮೇಲೆ ಬೀಳಬೇಕು. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಕಾವು ದೊರೆಯುವುದೇ ಹೊರತು ಸತ್ತ್ವ ದೊರೆಯದು.

ಎಲುಬು ನಾವು ಕೊಟ್ಟುದನ್ನು, ಒಳ್ಳೆಯದಾಗಲಿ ಕೆಟ್ಟದಾಗಲಿ, ತನ್ನಲ್ಲಿ ಇಟ್ಟುಕೊಳ್ಳುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದುಃಖದ ಸಾಕ್ಷಿಯುಂಟು. ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮೊದಲಾದ ಕಡೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವುದು. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೊದಲು ಹಲ್ಲುಗಳಲ್ಲಿ ಕಂದುಗೆರೆ ಕಾಣಿಸುವುದು. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಎಲುಬು ಅತಿಯಾಗಿ ಬಲಿತು, ಬೆನ್ನು ಬಾಗದೆ, ಕುತ್ತಿಗೆ ತಿರುಗದೆ, ಕೀಲುಗಳು ಬಿಗಿದುಕೊಳ್ಳುವುವು. ಗಟ್ಟಿಯಾದುದೆಲ್ಲ ಬಲವಾದುದಲ್ಲ. ಊರಿನವರು ತಮ್ಮ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಆದುದರಿಂದ ಎಲುಬಿನ ರಕ್ಷಣೆಯೇ ಆಗಿರುವುದು.

ಎರಡನೆಯದು ಮನೆಯ ಏರ್ಪಾಡು. ಬಚ್ಚಲುಮನೆಯ ಗೋಡೆಗೆ ಗಟ್ಟಿಯಾದ ಹಿಡಿ, ಒಣಗಿದ ನೆಲ, ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ, ಜಾರುವ ಚಾಪೆ ಕಾಲೊರಸುಗಳ ನಿವಾರಣೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ನಿದ್ದೆಯ ಮಾತ್ರೆಗಳ ವಿಷಯದಲ್ಲಿ ವೈದ್ಯರೊಡನೆ ಆಲೋಚನೆ. ಇಷ್ಟಕ್ಕೆ ತಗುಲುವ ವೆಚ್ಚ ಆಸ್ಪತ್ರೆಯ ಒಂದು ದಿನದ ವೆಚ್ಚಕ್ಕೆ ಸಮನಾಗದು. ಆದರೂ ಬೀಳುವ ದಿನ ಬಂದರೆ ಭಯಪಡಬೇಕಾದುದಿಲ್ಲ. ನಮ್ಮ ಬಡಾವಣೆಗೆ ಅನತಿದೂರದ ಬೈರಸಂದ್ರದಲ್ಲಿ ಎಲುಬು ಮತ್ತು ಅಪಘಾತಗಳ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ ಗಾಂಧಿ ಸಂಸ್ಥೆಯಿರುವಂತೆ, ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಎಲುಬಿನ ವೈದ್ಯರಿರುವರು.

ಮೂರನೆಯದು ಕೊಡುವುದಕ್ಕೆ ಸುಲಭ, ಕೊಡಲು ಮನಸ್ಸು ಬಾರದುದು. ಅದೇನೆಂದರೆ ವೃದ್ಧರಿಗೆ ಕೆಲಸ. ತಂದೆತಾಯಿಗಳನ್ನು ಕೂರಿಸಿ ಸಾಕುವುದೇ ಮಕ್ಕಳ ಧರ್ಮವೆಂದು ನಾವು ಕಲಿತಿದ್ದೇವೆ. ಆ ಭಾವ ಬಹಳ ದೊಡ್ಡದು. ಆದರೆ ಅವರ ಎಲುಬಿಗೆ ಆ ಭಾವ ತಿಳಿಯದು, ಭಾರವೊಂದೇ ತಿಳಿಯುವುದು. ಹೂ ಕೀಳುವುದು, ಬಟ್ಟೆ ಮಡಿಸುವುದು, ಮೊಮ್ಮಗುವಿನ ಕೈ ಹಿಡಿದು ಅಂಗಡಿಯವರೆಗೆ ಹೋಗುವುದು, ಮೆಟ್ಟಿಲಿಳಿದು ಹಾಲು ತರುವುದು, ಇವುಗಳನ್ನು ಅವರ ಕೈಯಿಂದ ಕಿತ್ತುಕೊಳ್ಳದಿರೋಣ. ಅವರು ನಿಧಾನವಾಗಿ ಮಾಡುವರು; ನಾವು ಕಾಯೋಣ. ನಾವು ನಡೆಯಲು ಕಲಿತಾಗ ಅವರೂ ಹೀಗೆಯೇ ಪಕ್ಕದಲ್ಲಿ ಕೈಚಾಚಿಕೊಂಡು, ಹಿಡಿಯದೆ ಕಾದಿದ್ದರು. ಬದುಕಿದ್ದಾಗ ಆ ಎಲುಬುಗಳಿಗೆ ಸಲ್ಲಬೇಕಾದ ಋಣವನ್ನು ಸಲ್ಲಿಸಿದ ಮನೆಗೆ ಮುಂದೆ ಕುಡಿಕೆಯನ್ನು ಹೊರುವ ದಿನ ಬಂದಾಗ ದುಃಖವಿದ್ದೀತು, ಬಾಕಿಯಿರಲಾರದು.